ಬೆಣ್ಣೆಗೊಂದು ತವರು

ಮಗನಿಗೆ ಹತ್ತು ತುಂಬಿದ ವರ್ಷ ಮೈಸೂರಿನ ಒಂದು ಅಂಗಡಿಯಿಂದ ಎರಡು ಮೊಲದ ಮರಿ ತಂದೆವು. ಒಂದು ಬಿಳಿ, ಒಂದು ಕಪ್ಪು. ನಾವು ಕೇಳಿದ್ದು ಒಂದೇ ಮರಿ. "ಜೋಡಿ ತಗೊಳ್ಳಿ ಮೇಡಂ, ಒಂಟಿ ಮಾಡಿದ್ರೆ ಕೊರಗಿಬಿಡುತ್ತೆ" ಅಂದರು ಅಂಗಡಿಯವರು. ಮಂಡ್ಯಕ್ಕೆ ವಾಪಸ್ ಬರುವಾಗ ರೈಲಿನಲ್ಲಿ ಮಗ ರಟ್ಟಿನ ಡಬ್ಬಿಯನ್ನು ತೊಡೆ ಮೇಲಿಟ್ಟುಕೊಂಡು ಕೂತಿದ್ದ. ಶ್ರೀರಂಗಪಟ್ಟಣ ದಾಟುವ ಹೊತ್ತಿಗೆ ಹೆಸರೂ ಇಟ್ಟಾಗಿತ್ತು. ಬಿಳಿಯದು ಬೆಣ್ಣೆ, ಕಪ್ಪಿನದು ಕರಿಯ.

ಜೋಡಿ ಅನ್ನುವ ಮಾತು ನಮ್ಮ ಕಡೆಯವರಿಗೆ ಬಹಳ ಹಿತ. ಜೋಡೆತ್ತು ಕಟ್ಟಿದ ಕೊಟ್ಟಿಗೆ ನೋಡಿಕೊಂಡು ಬೆಳೆದವಳು ನಾನು. ಒಂದು ಎತ್ತನ್ನು ಮಾರಿದ ದಿನ ಇನ್ನೊಂದು ಮೇವು ಮುಟ್ಟದೆ ನಿಂತಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಒಂದು ಗಂಡು ಒಂದು ಹೆಣ್ಣು ಒಂದೇ ಗೂಡಿನಲ್ಲಿ ಇರಬೇಕು, ಅದೇ ಅವಕ್ಕೆ ಸುಖ ಅನ್ನುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಹಿತ್ತಲಲ್ಲಿ ಸೀಬೆ ಮರದ ಕೆಳಗೆ, ನಾಲ್ಕು ಅಡಿ ಉದ್ದ ಎರಡು ಅಡಿ ಅಗಲದ ಗೂಡು ಮಾಡಿಸಿದೆವು. ತಳಕ್ಕೆ ಕಬ್ಬಿಣದ ಜಾಲರಿ, ಮೇಲೆ ಶೀಟು. ಇಬ್ಬರನ್ನೂ ಒಳಗೆ ಬಿಟ್ಟೆವು. ಅಷ್ಟೇ.

ಆರು ತಿಂಗಳಾಗುವ ಹೊತ್ತಿಗೆ ಒಂದು ಸಂಜೆ ಬೆಣ್ಣೆಯ ಕತ್ತಿನ ಕೆಳಗೆ, ಹಸುಗಳಿಗೆ ಗಂಗೆದೊಗಲು ಅಂತೀವಲ್ಲ ಆ ಜಾಗದಲ್ಲಿ, ಕೂದಲೇ ಇರಲಿಲ್ಲ. ಕಜ್ಜಿ ಹತ್ತಿದೆ ಅಂದುಕೊಂಡು ಬೇವಿನೆಣ್ಣೆ ಹುಡುಕುತ್ತಿದ್ದೆ. ಮಗ ಓಡಿ ಬಂದು, "ಅಮ್ಮ, ಬೆಣ್ಣೆ ಮೀಸೆ ಬಿಟ್ಕೊಂಡಿದೆ" ಅಂದ. ಹೋಗಿ ನೋಡಿದರೆ ಬಾಯಿಯ ಎರಡೂ ಕಡೆ ಹುಲ್ಲು ಕಚ್ಚಿಕೊಂಡು ಮೂಲೆಯಿಂದ ಮೂಲೆಗೆ ಓಡಾಡುತ್ತಿದ್ದಳು. ತನ್ನ ಕೂದಲನ್ನು ತಾನೇ ಕಿತ್ತು ಹುಲ್ಲಿನ ಜೊತೆ ಸೇರಿಸಿ ಹಾಸಿಗೆ ಮಾಡುತ್ತಿದ್ದಳು. ಮಾರನೇ ದಿನ ಬೆಳಕು ಹರಿಯುವ ಮುಂಚೆ ಆ ಕೂದಲ ಗುಡ್ಡೆ ಅಲ್ಲಾಡುತ್ತಿತ್ತು. ಬೆರಳು ಒಳಗೆ ಹಾಕಿದೆ. ಆಗಷ್ಟೇ ಇಳಿಸಿದ ಅನ್ನದ ಪಾತ್ರೆಯ ಹೊರಮೈ ಮುಟ್ಟಿದ ಹಾಗೆ ಬೆಚ್ಚಗಿತ್ತು. ಐದು ಮರಿ. ಮೈಮೇಲೆ ಕೂದಲಿಲ್ಲ, ಕಣ್ಣು ಬಿಟ್ಟಿಲ್ಲ, ನನ್ನ ಹೆಬ್ಬೆರಳಿಗಿಂತ ಚೂರು ದಪ್ಪ.

ಆವತ್ತು ಬೀದಿಯ ಮಕ್ಕಳೆಲ್ಲ ಬಂದು ನೋಡಿಕೊಂಡು ಹೋದರು. ಕರಿಯನನ್ನು ಹೊರಗೆ ತೆಗೆಯಬೇಕಾ ಅಂತ ಪಕ್ಕದ ಮನೆ ಅಕ್ಕ ಕೇಳಿದರು, ಗಂಡು ಮೊಲ ಮರಿಗಳನ್ನು ಕೊಂದುಬಿಡುತ್ತೆ ಅಂತ ಅವರು ಎಲ್ಲೋ ಕೇಳಿದ್ದರಂತೆ. ನಾನು ನೋಡಿದ ಮಟ್ಟಿಗೆ ಅವನು ಮರಿಗಳ ತಂಟೆಗೇ ಹೋಗಲಿಲ್ಲ. ಪಾಪ, ಅಪ್ಪ ಅಲ್ವಾ, ಇರಲಿ ಅಂದೆ. ಮಧ್ಯಾಹ್ನದ ಹೊತ್ತಿಗೆ ಅವನು ಬೆಣ್ಣೆಯ ಹಿಂದೆ ಹಿಂದೆ ಸುತ್ತುತ್ತಿದ್ದ. ಅವಳು ಸುಸ್ತಾಗಿ ಒಂದು ಕಡೆ ಕೂತಿದ್ದಳು. ನಾನು ಬಟ್ಟೆ ಒಣಹಾಕುತ್ತಾ ಅದನ್ನು ನೋಡಿದೆ. ನೋಡಿಯೂ ನನಗೆ ಅರ್ಥ ಆಗಲಿಲ್ಲ.

ಅದಾದ ಮೂವತ್ತೊಂದನೇ ದಿನ ಬೆಳಿಗ್ಗೆ ಗೂಡಿನ ಬರಿಯ ಜಾಲರಿ ಮೇಲೆ ಏಳು ಮರಿ ಬಿದ್ದಿದ್ದವು. ಹುಲ್ಲಿಲ್ಲ, ಕೂದಲಿಲ್ಲ, ಏನೂ ಇಲ್ಲ. ನಾಲ್ಕು ಆಗಲೇ ತಣ್ಣಗಾಗಿದ್ದವು. ಮೂರನ್ನು ಸೆರಗಿನಲ್ಲಿ ಸುತ್ತಿ ಒಲೆ ಪಕ್ಕ ಕೂತೆ, ಅದರಲ್ಲಿ ಒಂದು ಸಂಜೆಗೆ ಹೋಯಿತು. ಮೊದಲ ಸಲದ ಐದು ಮರಿಗಳು ಆಗಲೇ ದಪ್ಪ ಆಗಿದ್ದವು, ಇನ್ನೂ ಅಮ್ಮನ ಹೊಟ್ಟೆ ಕೆಳಗೆ ನುಗ್ಗುತ್ತಿದ್ದವು. ಬೆಣ್ಣೆಯನ್ನು ಎತ್ತಿ ಬೆನ್ನ ಮೇಲೆ ಕೈಯಾಡಿಸಿದರೆ ಬಾಚಣಿಗೆಯ ಹಲ್ಲು ಮುಟ್ಟಿದ ಹಾಗೆ ಮೂಳೆ ಒಂದೊಂದೇ ಸಿಗುತ್ತಿತ್ತು. ಮೇಲೆ ಕೂದಲು ತುಂಬಿಕೊಂಡಿದ್ದರಿಂದ ಅಷ್ಟು ದಿನ ನನಗೆ ಕಂಡಿರಲಿಲ್ಲ.

ನಮ್ಮ ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು ನೋಡಿದರು. ಅವರು ಜೋರಾಗಿ ಬೈಯುವವರಲ್ಲ. "ಅಲ್ಲ ಕಣವ್ವ, ಹಸಿ ಬಾಣಂತೀನ ಗಂಡುನ್ ಜತೇಲೇ ಬುಟ್ಟಿದ್ದೀಯಲ್ಲ. ಅದ್ಕೂ ಒಂದ್ ತವರು ಬ್ಯಾಡ್ವಾ?" ಅಂದರು.

ಆ ಮಾತು ನನಗೆ ಚೆನ್ನಾಗಿ ನಾಟಿತು. ನಾನು ಹೆತ್ತಾಗ ಐದು ತಿಂಗಳು ಅಮ್ಮನ ಮನೆಯಲ್ಲಿದ್ದೆ. ಸೊಪ್ಪಿನ ಸಾರು, ಬಿಸಿನೀರು, ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಬೇಜಾರಾಗಿ ಯಾವಾಗ ವಾಪಸ್ ಹೋಗ್ತೀನೋ ಅಂತ ಅನಿಸುತ್ತಿದ್ದ ದಿನಗಳೂ ಇದ್ದವು. ಆದರೆ ಆ ಐದು ತಿಂಗಳು ಮೈ ನನ್ನದಾಗಿತ್ತು. ಬೆಣ್ಣೆಗೆ ಐದು ಗಂಟೆಯೂ ಸಿಕ್ಕಿರಲಿಲ್ಲ.

ಪಶುವೈದ್ಯರ ಹತ್ತಿರ ಕರೆದುಕೊಂಡು ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಗಂಡನ್ನ ಯಾವಾಗ ಬೇರೆ ಮಾಡಿದ್ರಿ?" ಬೇರೆ ಮಾಡಿಲ್ಲ ಸರ್ ಅಂದೆ. ಅವರು ಕುರ್ಚಿ ಹತ್ತಿರ ಎಳೆದುಕೊಂಡು ನಿಧಾನವಾಗಿ ಹೇಳಿದರು. ಹಸುವಿಗಾದರೆ ಇಪ್ಪತ್ತೊಂದು ದಿನಕ್ಕೊಮ್ಮೆ ಬೆದೆ ಬರುತ್ತದೆ, ಆಗ ಹೋರಿ ಕೊಡಿಸದಿದ್ದರೆ ಗಬ್ಬ ಕಟ್ಟುವುದಿಲ್ಲ, ಇದು ನಮ್ಮ ಕಡೆ ಸಣ್ಣ ಹುಡುಗರಿಗೂ ಗೊತ್ತು. ಮೊಲದ ಲೆಕ್ಕ ಬೇರೆ. ಅದಕ್ಕೆ ಹಾಗೆ ಗೊತ್ತಾದ ದಿನ ಅಂತ ಇಲ್ಲ. ಗಂಡಿನ ಜೊತೆ ಕೂಡಿದ ಮೇಲೆಯೇ, ಹತ್ತು ಹನ್ನೆರಡು ಗಂಟೆ ಬಿಟ್ಟು, ಮೊಟ್ಟೆ ಬಿಡುಗಡೆ ಆಗುತ್ತದೆ. ಅಂದರೆ ಕೂಡಿದರೆ ಹೆಚ್ಚು ಕಡಿಮೆ ಗಬ್ಬ ಆದ ಹಾಗೇ. ಮರಿ ಹಾಕಿದ ದಿನವೇ ಮತ್ತೆ ಗಬ್ಬ ಆಗಬಲ್ಲದು. ಮೂವತ್ತರಿಂದ ಮೂವತ್ತೆರಡು ದಿನಕ್ಕೆ ಇನ್ನೊಂದು ಸೂಲು. ಒಂದು ಕಡೆ ಹಾಲು ಕೊಡುತ್ತಾ ಇನ್ನೊಂದು ಕಡೆ ಹೊಟ್ಟೆಯಲ್ಲಿ ಬೆಳೆಸಬೇಕು, ಎರಡಕ್ಕೂ ಬೇಕಾದ ಸುಣ್ಣದ ಅಂಶ, ಸತ್ವ ಎಲ್ಲ ಅದೇ ಎರಡು ಕೆಜಿ ಮೈಯಿಂದ ಹೋಗಬೇಕು.

ನಾನು ಮಾಡಿದ ತಪ್ಪು ಏನು ಅಂತ ಅಲ್ಲಿ ಕೂತಾಗ ತಿಳಿಯಿತು. ನಾನು ಅವರಿಬ್ಬರನ್ನು ಗಂಡ ಹೆಂಡತಿ ಅಂದುಕೊಂಡಿದ್ದೆ. ಒಂದೇ ಗೂಡಲ್ಲಿ ಇಟ್ಟಿದ್ದನ್ನು ಸಂಸಾರ ಅಂದುಕೊಂಡಿದ್ದೆ. ಸಾಕುಮೊಲದ ಮೂಲ ಜಾತಿಯವು, ಕಾಡಿನಲ್ಲಿ ಬಿಲದಲ್ಲಿ ಬದುಕುವ ಮೊಲಗಳೂ ಗುಂಪಲ್ಲೇ ಇರುತ್ತವೆ, ನಿಜ. ಆದರೆ ಅಲ್ಲಿ ಹೆಣ್ಣಿಗೆ ಬೇಡ ಅನಿಸಿದರೆ ಓಡುವುದಕ್ಕೆ ಜಾಗ ಇದೆ, ಮರಿ ಹಾಕುವುದಕ್ಕೆ ಬೇರೆಯದೇ ಬಿಲ ತೋಡಿಕೊಳ್ಳುತ್ತದೆ, ಹಾಲು ಕೊಟ್ಟು ಬಿಲದ ಬಾಯಿ ಮುಚ್ಚಿ ಹೊರಟುಹೋಗುತ್ತದೆ. ನನ್ನ ನಾಲ್ಕು ಅಡಿ ಗೂಡಿನಲ್ಲಿ ಬೆಣ್ಣೆ ಎಲ್ಲಿಗೆ ಓಡಬೇಕಿತ್ತು?

ಆ ವಾರವೇ ಎರಡನೇ ಗೂಡು ಮಾಡಿಸಿದೆವು. ಕರಿಯನನ್ನು ಹೊಸದಕ್ಕೆ, ಬೆಣ್ಣೆಯನ್ನು ಸೀಬೆ ಮರದ ಕೆಳಗಿನ ಹಳೆಯದರಲ್ಲೇ. ಮೊದಲು ಎರಡು ಗೂಡನ್ನು ಒತ್ತಿಗೊತ್ತಿ ಇಟ್ಟಿದ್ದೆ, ಜಾಲರಿಯ ಮೂಲಕ ಮೂಗು ಕಚ್ಚಿಕೊಂಡರು. ಒಂದು ಗೇಣು ಬಿಟ್ಟು ಇಟ್ಟ ಮೇಲೆ ಸರಿಹೋಯಿತು. ನೋಡಬಹುದು, ವಾಸನೆ ಹಿಡಿಯಬಹುದು, ಮುಟ್ಟುವಂತಿಲ್ಲ. ಬೆಣ್ಣೆ ಚೇತರಿಸಿಕೊಳ್ಳೋಕೆ ಮೂರು ತಿಂಗಳಾಯಿತು. ಮದ್ದೂರಿನ ಹತ್ತಿರ ರೇಷ್ಮೆ ಸಾಕುವ ನಮ್ಮ ಅಣ್ಣ ವಾರಕ್ಕೆ ಎರಡು ಸಲ ಹಿಪ್ಪುನೇರಳೆ ಸೊಪ್ಪು ಕಳಿಸುತ್ತಿದ್ದ. ಔಷಧಿ ಹೊಡೆಯದ ಸಾಲಿನದು ಮಾತ್ರ ಕೊಯ್ಯಿ ಅಂತ ಪ್ರತಿ ಸಲವೂ ಹೇಳುತ್ತಿದ್ದೆ, ಅವನಿಗೆ ಅದು ಮೊದಲೇ ಗೊತ್ತು, ಹುಳುವಿಗೂ ಅದೇ ತಾನೆ. ಜೊತೆಗೆ ಗರಿಕೆ, ಒಣಹುಲ್ಲು, ಸ್ವಲ್ಪ ಕುದುರೆ ಮಸಾಲೆ ಅನ್ನುವ ಮೇವಿನ ಸೊಪ್ಪು. ನೀರಂತೂ ಹಾಲೂಡಿಸುವ ಮೊಲ ಎಷ್ಟು ಕುಡಿಯುತ್ತದೆ ಅಂದರೆ ನಂಬೋಕಾಗಲ್ಲ. ಬೆಳಿಗ್ಗೆ ತುಂಬಿಸಿದ ಬಾಟಲಿ ಮಧ್ಯಾಹ್ನಕ್ಕೆ ಖಾಲಿ.

ಒಂದು ವರ್ಷ ಬಿಟ್ಟು ಒಂದೇ ಒಂದು ಸಲ ಸರಿಯಾಗಿ ಮರಿ ಮಾಡಿಸೋಣ ಅನ್ನುವ ಆಸೆ ಮಗನಿಗೆ. ನನಗೂ ಇತ್ತು, ಸುಳ್ಳು ಯಾಕೆ ಹೇಳಲಿ. ಮೊದಲ ಸಲ ಆದದ್ದನ್ನು ತೊಳೆದುಕೊಳ್ಳಬೇಕು ಅನ್ನುವ ಹಾಗೆ. ಅಲ್ಲೂ ಒಂದು ತಪ್ಪು ಮಾಡಿದೆ. ಕರಿಯನನ್ನು ಎತ್ತಿಕೊಂಡು ಹೋಗಿ ಬೆಣ್ಣೆಯ ಗೂಡಿಗೆ ಬಿಟ್ಟೆ. ಎಷ್ಟು ಹೊತ್ತು ಅಂತೀರಿ, ಮೂರು ಉಸಿರು ಎಳೆಯುವಷ್ಟು. ಬೆಣ್ಣೆ ಗುರ್ ಅಂದಳು. ಮೊಲ ಗುರ್ ಅನ್ನುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ. ಮುಂಗಾಲಲ್ಲಿ ಟಪಟಪ ಹೊಡೆದು ಅವನ ಕಿವಿ ಕಚ್ಚಿ ಹಿಡಿದಳು. ಬಿಡಿಸುವಷ್ಟರಲ್ಲಿ ಕಿವಿಯ ಅಂಚು ಸೀಳಿತ್ತು, ನನ್ನ ಮುಂಗೈಯಲ್ಲೂ ರಕ್ತ. ಕರಿಯನ ಎಡಗಿವಿಯಲ್ಲಿ ಆ ಕಚ್ಚು ಇವತ್ತಿಗೂ ಇದೆ.

ಗೂಡು ಹೆಣ್ಣಿನ ಸ್ವಂತ ಜಾಗ. ಗಲ್ಲದ ಕೆಳಗಿನ ಗ್ರಂಥಿಯನ್ನು ಮೂಲೆ ಮೂಲೆಗೂ ಉಜ್ಜಿ ಅದನ್ನು ತನ್ನದು ಮಾಡಿಕೊಂಡಿರುತ್ತಾಳೆ. ಅಲ್ಲಿಗೆ ಬಂದ ಗಂಡು ಅವಳಿಗೆ ಕಳ್ಳ ಇದ್ದ ಹಾಗೆ. ಅದಕ್ಕೇ ಮೊಲ ಸಾಕಿ ಪಳಗಿದವರು ಯಾವಾಗಲೂ ಹೆಣ್ಣನ್ನು ಗಂಡಿನ ಗೂಡಿಗೆ ಒಯ್ಯುತ್ತಾರೆ, ಗಂಡನ್ನು ಹೆಣ್ಣಿನ ಗೂಡಿಗೆ ಅಲ್ಲ. ಇದನ್ನು ಕೇಳಿದ ಅತ್ತೆ, "ಅಂಗಾರೆ ಓಗಿ ಬರ್ಲಿ, ಇದ್ಬುಡೋದ್ ಬ್ಯಾಡ" ಅಂದರು. ಅದೇ ಸರಿಯಾದ ಮಾತು. ಹೋಗಬೇಕು, ಬರಬೇಕು.

ಕಿವಿ ವಾಸಿಯಾದ ಮೇಲೆ ಒಂದು ಬೆಳಿಗ್ಗೆ ಬೆಣ್ಣೆಯನ್ನು ಕರಿಯನ ಗೂಡಿಗೆ ಬಿಟ್ಟು ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತೆ. ಮೊದಲು ಬಾಲ ಎತ್ತಿ ನೋಡಿದ್ದೆ. ಕೆಂಪಾಗಿ, ಸ್ವಲ್ಪ ಒದ್ದೆಯಾಗಿ ಇದ್ದರೆ ಒಪ್ಪುತ್ತಾಳೆ, ತಿಳಿ ಗುಲಾಬಿ ಬಣ್ಣಕ್ಕೆ ಇದ್ದರೆ ಸುಮ್ನೆ ಜಗಳ. ಆವತ್ತು ಎರಡು ಸುತ್ತು ಓಡಿದಳು, ಆಮೇಲೆ ನಿಂತು ಹಿಂಭಾಗ ಚೂರು ಎತ್ತಿದಳು. ಎಲ್ಲ ಕೆಲವೇ ಸೆಕೆಂಡು. ಕರಿಯ ಕೀ ಅಂತ ಸಣ್ಣಗೆ ಕೂಗಿ ಪಕ್ಕಕ್ಕೆ ಧೊಪ್ಪನೆ ಉರುಳಿದ. ಮಗ ಗಾಬರಿಯಾಗಿ, "ಅಮ್ಮ, ಸತ್ತೋಯ್ತಾ?" ಅಂದ. ಇಲ್ಲ, ಅದು ಹಾಗೇ. ಕೂಡಿದ್ದು ಸರಿಯಾಗಿ ಆಯಿತು ಅನ್ನುವುದಕ್ಕೆ ಅದೇ ಗುರುತು. ಬೆಣ್ಣೆಯನ್ನು ಎತ್ತಿಕೊಂಡು ಬಂದು ಅವಳ ಗೂಡಿಗೆ ಬಿಟ್ಟೆ. ಒಟ್ಟು ಹತ್ತು ನಿಮಿಷವೂ ಆಗಲಿಲ್ಲ. ಒಪ್ಪದೇ ಇದ್ದಿದ್ದರೂ ಅಷ್ಟೇ ಹೊತ್ತು, ವಾಪಸ್ ತಂದು ನಾಲ್ಕು ದಿನ ಬಿಟ್ಟು ನೋಡಬೇಕು. ರಾತ್ರಿಯೆಲ್ಲ ಜೊತೆಗೆ ಬಿಟ್ಟುಬಿಡಿ ತಾನೇ ಆಗುತ್ತೆ ಅನ್ನುವವರು ಇದ್ದಾರೆ. ಬೇಡ. ಯಾವ ದಿನ ಕೂಡಿತು ಅಂತ ಗೊತ್ತಾಗುವುದಿಲ್ಲ, ದಿನ ಗೊತ್ತಿಲ್ಲದಿದ್ದರೆ ಮರಿ ಹಾಕುವ ಪೆಟ್ಟಿಗೆ ಯಾವಾಗ ಇಡುವುದು? ಜೊತೆಗೆ ಮೊಲಕ್ಕೆ ಗರ್ಭಕೋಶ ಎರಡು, ಎರಡಕ್ಕೂ ಬೇರೆ ಬೇರೆ ಬಾಯಿ. ಗಬ್ಬ ಇರುವಾಗ ಮತ್ತೆ ಕೂಡಿ, ಅಪರೂಪಕ್ಕೆ ಒಂದರ ಮೇಲೊಂದು ಗಬ್ಬ ನಿಂತರೆ ತಾಯಿಗೂ ಮರಿಗೂ ಕೇಡು.

ಕ್ಯಾಲೆಂಡರ್ ಮೇಲೆ ಆ ದಿನಕ್ಕೆ ದುಂಡಗೆ ಗುರುತು ಹಾಕಿದೆ. ಹದಿಮೂರನೇ ದಿನ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ದ್ರಾಕ್ಷಿ ಗಾತ್ರದ ಗಂಟುಗಳು ಸಿಗ್ತಿವೆ ಅಂದರು. ಹಾಗೆ ತೋರಿಸಿದ್ದು ಒಳ್ಳೆಯದಾಯಿತು, ಯಾಕೆಂದರೆ ಸುಳ್ಳು ಗಬ್ಬ ಅಂತಲೂ ಒಂದಿದೆ. ಮೊಟ್ಟೆ ಬಿಡುಗಡೆಯಾಗಿ ಗರ್ಭ ನಿಲ್ಲದೆ ಹೋದರೆ ಹದಿನಾರು ಹದಿನೆಂಟು ದಿನಕ್ಕೇ ಹೆಣ್ಣು ಕೂದಲು ಕಿತ್ತು ಗೂಡು ಕಟ್ಟುತ್ತದೆ, ಮರಿ ಬರುವುದಿಲ್ಲ. ಎರಡು ಹೆಣ್ಣು ಜೊತೆಗಿದ್ದು ಒಂದರ ಮೇಲೊಂದು ಹತ್ತಿದರೂ ಹಾಗಾಗಬಹುದು. ಇಪ್ಪತ್ತೆಂಟನೇ ದಿನ ಮರದ ಪೆಟ್ಟಿಗೆ ಇಟ್ಟೆ. ಅವಳು ಒಳಗೆ ತಿರುಗುವಷ್ಟು ಉದ್ದ ಅಗಲ ಸಾಕು, ಜಾಸ್ತಿ ದೊಡ್ಡದಾದರೆ ಮರಿಗಳು ಚೆದುರಿ ತಣ್ಣಗಾಗುತ್ತವೆ. ತಳಕ್ಕೆ ಬತ್ತದ ಹುಲ್ಲು. ಮೂವತ್ತೊಂದನೇ ದಿನ ಬೆಳಗಿನ ಜಾವ ಏಳು ಮರಿ. ಒಂದೂ ಹೋಗಲಿಲ್ಲ.

ಈ ಸಲ ಕರಿಯ ಅವನ ಗೂಡಲ್ಲೇ ಇದ್ದ. ಬೆಣ್ಣೆಗೆ ಎಷ್ಟು ನೆಮ್ಮದಿ ಇತ್ತು ಅನ್ನುವುದು ನನಗೆ ಒಂದು ಬೆಳಿಗ್ಗೆ ಕಂಡಿತು. ಅವಳು ಹಗಲೆಲ್ಲ ಮರಿಗಳ ಹತ್ತಿರ ಹೋಗುತ್ತಲೇ ಇರಲಿಲ್ಲ, ಹಾಲು ಕೊಡ್ತಿಲ್ಲವೇನೋ ಅಂತ ನನಗೆ ಭಯ. ಐದು ಗಂಟೆಗೆ ಎದ್ದು ಟಾರ್ಚಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ಕೂತೆ. ಬಂದಳು, ಪೆಟ್ಟಿಗೆಯೊಳಗೆ ಹಾರಿದಳು, ಮರಿಗಳ ಮೇಲೆ ಸೇತುವೆ ಹಾಗೆ ನಿಂತಳು. ಮೂರು ನಾಲ್ಕು ನಿಮಿಷ, ಅಷ್ಟೇ. ಹೊರಗೆ ಹಾರಿ ಗರಿಕೆ ತಿನ್ನೋಕೆ ಹೋದಳು. ಒಂದು ಮರಿಯನ್ನು ಅಂಗೈ ಮೇಲೆ ಅಂಗಾತ ಮಲಗಿಸಿ ನೋಡಿದೆ. ಹೊಟ್ಟೆ ಗೋಲಿಯ ಹಾಗೆ ಬಿಗಿದಿತ್ತು, ತೆಳು ಚರ್ಮದೊಳಗೆ ಬಿಳಿ ಹಾಲು ಕಾಣುತ್ತಿತ್ತು. ದಿನಕ್ಕೆ ಒಂದೇ ಸಲ, ಹೆಚ್ಚೆಂದರೆ ಎರಡು ಸಲ ಹಾಲು ಕೊಡುವುದು ಅವಳ ರೀತಿ. ಉಳಿದ ಹೊತ್ತು ದೂರ ಇರುವುದೇ ಅವಳು ಮಾಡುವ ಕಾವಲು, ವಾಸನೆ ಹಿಡಿದು ಯಾವ ಪ್ರಾಣಿಯೂ ಬರದಿರಲಿ ಅಂತ. ಮೊದಲ ಸಲ ಗಂಡು ಹಿಂದೆ ಬಿದ್ದಿದ್ದಾಗ ಅವಳಿಗೆ ಈ ದೂರವೂ ಇರಲಿಲ್ಲ, ಈ ಮೂರು ನಿಮಿಷದ ಶಾಂತಿಯೂ ಇರಲಿಲ್ಲ.

ಹತ್ತು ಹನ್ನೆರಡನೇ ದಿನಕ್ಕೆ ಕಣ್ಣು ಬಿಟ್ಟವು. ಆರು ವಾರ ದಾಟಿದ ಮೇಲೆ ಹಾಲು ಬಿಡಿಸಿದೆ. ಆಮೇಲಿನದ್ದು ಬಹಳ ಜನ ಮರೆಯುವ ವಿಷಯ. ಮರಿಗಳಲ್ಲೂ ಗಂಡು ಹೆಣ್ಣು ಇರುತ್ತವೆ. ಅಣ್ಣ ತಂಗಿ, ತಾಯಿ ಮಗ ಅನ್ನುವುದು ಅವಕ್ಕೆ ಗೊತ್ತಿಲ್ಲ. ಸಣ್ಣ ತಳಿಯವು ಮೂರೂವರೆ ನಾಲ್ಕು ತಿಂಗಳಿಗೇ ಬಲಿತುಬಿಡುತ್ತವೆ. ಅದಕ್ಕೇ ಹತ್ತು ವಾರಕ್ಕೆ ಬೇರೆ ಮಾಡಿದೆ. ಮೆಲ್ಲಗೆ ಒತ್ತಿ ನೋಡಿದರೆ ಗಂಡಿಗೆ ದುಂಡನೆ ಕೊಳವೆಯ ಹಾಗೆ ಮುಂದೆ ಬರುತ್ತದೆ, ಹೆಣ್ಣಿಗೆ ಸೀಳಿದ ಎಲೆಯ ಹಾಗೆ. ಮರಿ ಚಿಕ್ಕದಿದ್ದಷ್ಟೂ ತಪ್ಪಾಗುವುದು ಜಾಸ್ತಿ, ಒಂದು ಮರಿಯನ್ನು ನಾನು ಹೆಣ್ಣು ಅಂದಿದ್ದೆ, ಡಾಕ್ಟರು ನೋಡಿ ಗಂಡು ಅಂದರು. ಬೆಳೆದ ಗಂಡುಗಳನ್ನೂ ಒಟ್ಟಿಗೆ ಬಿಡೋಕಾಗಲ್ಲ, ಬೀಜಕ್ಕೇ ಕಚ್ಚುತ್ತವೆ.

ಕಬ್ಬು ಕಡಿಯುವ ಕಾಲದಲ್ಲಿ ಗದ್ದೆಯಲ್ಲಿ ಸಿಕ್ಕ ಕಾಡುಮೊಲದ ಮರಿ ತಂದು, ಇದರ ಜೊತೆ ಕೂಡಿಸಬಹುದಾ ಅಂತ ಒಬ್ಬರು ಕೇಳಿದರು. ನಾವು ಎರಡಕ್ಕೂ ಮೊಲ ಅಂತೀವಿ, ಆದರೆ ಎರಡೂ ಬೇರೆ ಜಾತಿ. ನಮ್ಮ ಕಡೆಯ ಕಾಡುಮೊಲ ಬಿಲ ತೋಡುವುದಿಲ್ಲ, ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ತೆರೆದ ಕಣ್ಣು. ಇವೆರಡೂ ಕೂಡಿ ಮರಿ ಆಗುವುದಿಲ್ಲ. ಅದನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ತಪ್ಪು ಕೂಡ. ಸಿಕ್ಕ ಜಾಗದಲ್ಲೇ ಬಿಟ್ಟು ಬನ್ನಿ, ತಾಯಿ ಸಂಜೆ ಬರುತ್ತಾಳೆ ಅಂದೆ. ಬಿಟ್ಟು ಬಂದರು.

ಇನ್ನೊಂದು ಮಾತು ನಮ್ಮ ಬಿಸಿಲಿನದು. ಏಪ್ರಿಲ್ ತಿಂಗಳಲ್ಲಿ ಮಂಡ್ಯದಲ್ಲಿ ಮೂವತ್ತೈದು ಡಿಗ್ರಿ ದಾಟುತ್ತದೆ. ಮೊಲ ಬೆವರುವುದಿಲ್ಲ, ಕಿವಿಯಿಂದಲೇ ಸೆಕೆ ಬಿಡಬೇಕು. ಮೂವತ್ತು ಡಿಗ್ರಿ ಮೀರಿ ಕೆಲವು ದಿನ ನಡೆದರೆ ಗಂಡಿನ ಬೀಜಶಕ್ತಿಯೇ ಕುಂದುತ್ತದೆ, ಮತ್ತೆ ಸರಿಯಾಗೋಕೆ ಒಂದೆರಡು ತಿಂಗಳು ಬೇಕು. ಕೂದಲು ಹೊದ್ದ ಗಬ್ಬದ ಮೊಲಕ್ಕಂತೂ ಆ ಸೆಕೆ ಪ್ರಾಣಕ್ಕೇ ಬರಬಹುದು. ನಮ್ಮ ಗೂಡಿನ ಮೇಲೆ ಒದ್ದೆ ಗೋಣಿತಾಟು ಹೊದಿಸಿ, ಬಾಟಲಿಯಲ್ಲಿ ನೀರನ್ನು ಐಸ್ ಮಾಡಿ ಪಕ್ಕ ಇಡುತ್ತೇವೆ, ಬೆಣ್ಣೆ ಅದಕ್ಕೆ ಒರಗಿಕೊಂಡು ಮಲಗುತ್ತಾಳೆ. ಬೇಸಿಗೆಯಲ್ಲಿ ಕೂಡಿಸುವ ಮಾತೇ ಬೇಡ.

ಏಳು ಮರಿಗಳಿಗೆ ಮನೆ ಹುಡುಕಿದ್ದು ಒಂದು ದೊಡ್ಡ ಕಥೆ, ಅದನ್ನೆಲ್ಲ ಬರೆಯುವುದಿಲ್ಲ. ಕೇಳಿಕೊಂಡು ಬಂದವರೆಲ್ಲ "ಜೋಡಿ ಕೊಡಿ" ಅಂದರು. ನಾನು ಎರಡು ಹೆಣ್ಣು ಕೊಟ್ಟೆ, ಒಂದೊಂದೇ ಗಂಡು ಕೊಟ್ಟೆ, ಜೋಡಿ ಮಾತ್ರ ಕೊಡಲಿಲ್ಲ. ಒಬ್ಬರು ಮುಖ ಗಂಟು ಹಾಕಿಕೊಂಡು ಹೋದರು. ಹೋಗಲಿ. ಆವತ್ತೇ ಮಗನ ಹತ್ತಿರ ಕೂತು ಇನ್ನು ಬೆಣ್ಣೆಗೆ ಮರಿ ಬೇಡ ಅಂತ ತೀರ್ಮಾನ ಮಾಡಿದೆವು. ಅವನಿಗೆ ಈಗ ಹದಿಮೂರು. "ಹಾಗಾದ್ರೆ ಇಬ್ಬರೂ ಸಾಯೋವರೆಗೆ ಬೇರೆ ಬೇರೆನಾ?" ಅಂದ. ಆ ಪ್ರಶ್ನೆ ನನ್ನಲ್ಲೂ ಇತ್ತು. ಯಾಕೆಂದರೆ ಮೊಲಕ್ಕೆ ಜೊತೆ ಬೇಕು ಅಂತ ಅಂಗಡಿಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಸಂಜೆ ಹೊತ್ತು ಕರಿಯ ತನ್ನ ಗೂಡಿನ ಈ ತುದಿಗೆ, ಬೆಣ್ಣೆ ಆ ತುದಿಗೆ ಬಂದು ಒಂದು ಗೇಣಿನ ದೂರದಲ್ಲಿ ಮಲಗುವುದನ್ನು ನಾವು ಮೂರು ವರ್ಷದಿಂದ ನೋಡುತ್ತಿದ್ದೇವೆ.

ಮೊಲಕ್ಕೆ ಅರಿವಳಿಕೆ ಕೊಟ್ಟು ಅನುಭವ ಇರುವ ಡಾಕ್ಟರನ್ನು ಹುಡುಕಿಕೊಂಡು ಮೈಸೂರಿಗೆ ಹೋಗಿ ಕರಿಯನಿಗೆ ಬೀಜ ತೆಗೆಸಿದೆವು. ನಾಯಿಗಾದರೆ ಹಿಂದಿನ ರಾತ್ರಿ ಉಪವಾಸ ಹಾಕಬೇಕು, ಮೊಲವನ್ನು ಉಪವಾಸ ಕೆಡವಬೇಡಿ ಅಂದರು. ಅದು ವಾಂತಿ ಮಾಡಲಾರದು, ಕರುಳು ನಿಂತರೆ ಅದೇ ಅಪಾಯ. ಹೋಗುವಾಗಲೂ ಬರುವಾಗಲೂ ಡಬ್ಬಿಯಲ್ಲಿ ಹುಲ್ಲಿತ್ತು. ಬೆಣ್ಣೆಗೂ ಗರ್ಭಕೋಶ ತೆಗೆಸುವುದು ಒಳ್ಳೆಯದು, ವಯಸ್ಸಾದ ಹೆಣ್ಣು ಮೊಲಗಳಿಗೆ ಅಲ್ಲಿ ಕ್ಯಾನ್ಸರ್ ಬರುವುದು ಜಾಸ್ತಿ ಅಂತಲೂ ಹೇಳಿದರು. ಅದು ದೊಡ್ಡ ಆಪರೇಷನ್, ಚಳಿಗಾಲದಲ್ಲಿ ಮಾಡಿಸೋಣ ಅಂತ ಇದ್ದೇವೆ.

ಗಂಡಿಗೆ ಆಪರೇಷನ್ ಆದ ಕೂಡಲೇ ಜೊತೆಗೆ ಬಿಡುವಂತಿಲ್ಲ. ಒಳಗೆ ಉಳಿದ ವೀರ್ಯದಿಂದಲೇ ನಾಲ್ಕರಿಂದ ಆರು ವಾರ ಹೆಣ್ಣು ಗಬ್ಬ ಆಗಬಹುದು. ನಾವು ಆರು ವಾರ ಪೂರ್ತಿ ಕಾದೆವು, ಅದೇ ಕ್ಯಾಲೆಂಡರ್ ಮೇಲೆ ಮಗ ದಿನಕ್ಕೊಂದು ಗೀಟು ಹಾಕುತ್ತಿದ್ದ. ಹೋದ ಭಾನುವಾರ ಮುಗಿಯಿತು. ಅವಳ ಗೂಡೂ ಅಲ್ಲ, ಅವನ ಗೂಡೂ ಅಲ್ಲ, ಇಬ್ಬರೂ ಕಾಲಿಡದ ನಡುಮನೆಯಲ್ಲಿ ಹಳೇ ಜಮಖಾನ ಹಾಸಿ ಇಬ್ಬರನ್ನೂ ಬಿಟ್ಟೆವು. ಟವೆಲ್ ಕೈಯಲ್ಲೇ ಇತ್ತು, ಜಗಳ ಬಿದ್ದರೆ ಮೇಲೆ ಹಾಕೋಕೆ. ಕರಿಯ ಎರಡು ಹೆಜ್ಜೆ ಬಂದು ನಿಂತ. ಬೆಣ್ಣೆ ಅವನ ಸೀಳಿದ ಕಿವಿ ಮೂಸಿ ನೋಡಿದಳು, ತಿರುಗಿ ಅತ್ತೆಯ ಮಂಚದ ಕೆಳಗೆ ಹೋದಳು. ಅವನು ಹಿಂದೆ ಹೋಗಲಿಲ್ಲ. ಜಮಖಾನದ ಮೇಲೆಯೇ ಕಾಲು ಚಾಚಿ ಮಲಗಿದ. ಹದಿನೈದು ನಿಮಿಷ ಆದ ಮೇಲೆ ಇಬ್ಬರನ್ನೂ ಎತ್ತಿ ಅವರವರ ಗೂಡಿಗೆ ಬಿಟ್ಟೆವು. ದಿನಾ ಸಂಜೆ ಹೀಗೇ ನಡೆಯುತ್ತಿದೆ. ನಿನ್ನೆ ಬೆಣ್ಣೆ ಮಂಚದ ಕೆಳಗೆ ಹೋಗಲಿಲ್ಲ.